ಗರುಡ ಮುದ್ರೆಯ ಕಾಗದ

ಲ್ಯಾಂಡ್ ಆಫೀಸಿನ ಹೆಂಗಸು ನಮ್ಮ ಫೈಲನ್ನು ಮೆತ್ತಗೆ ಮುಚ್ಚಿ ಈಚೆ ತಳ್ಳಿದಾಗ ಗಂಟೆ ಹನ್ನೊಂದೂವರೆ. ಬೈಯಲಿಲ್ಲ, ದನಿ ಏರಿಸಲಿಲ್ಲ. ಕೈಮುಗಿದು ತಲೆ ಬಗ್ಗಿಸಿದಳು ಅಷ್ಟೇ. ಭಾಷೆ ಬಾರದ ನನಗೂ ಅರ್ಥವಾಯಿತು, ಇವತ್ತು ಮನೆ ನಮ್ಮದಾಗುವುದಿಲ್ಲ ಅಂತ.

ಇದು 2024ರ ಫೆಬ್ರವರಿಯ ಮಾತು. ಊರು ಥಾಯ್ಲೆಂಡಿನ ಹುವಾ ಹಿನ್. ಬ್ಯಾಂಕಾಕಿನಿಂದ ದಕ್ಷಿಣಕ್ಕೆ ಸುಮಾರು 200 ಕಿಲೋಮೀಟರ್, ಕಾರಿನಲ್ಲಿ ಮೂರು ಗಂಟೆ ದಾರಿ. ನಮ್ಮ ಒಬ್ಬಳೇ ಮಗಳು ಬ್ಯಾಂಕಾಕಿನಲ್ಲಿ ಕೆಲಸ ಮಾಡುತ್ತಾಳೆ. ಮೊಮ್ಮಗನಿಗೆ ಆಗ ಮೂರು ವರ್ಷ. ವರ್ಷಕ್ಕೆ ಎರಡು ಸಲ ಹೋಗುತ್ತೇವೆ, ಅವಳ ಎರಡು ಕೋಣೆಯ ಮನೆಯಲ್ಲಿ ತಿಂಗಳುಗಟ್ಟಲೆ ಇರುವುದು ಅವರಿಗೂ ಕಷ್ಟ, ನಮಗೂ ಕಷ್ಟ.

ಆದರೆ ಅಲ್ಲಿ ಮನೆ ಕೊಳ್ಳಲು ನಿಜವಾದ ಕಾರಣ ನಮ್ಮವರದು. ಅವರು ಹೊನ್ನಾವರದ ಕಡೆಯವರು. ಕಡಲು ಕಾಣುವ ಮನೆಯಲ್ಲಿ ಹುಟ್ಟಿ ಬೆಳೆದವರು. ಪಾಲಾದಾಗ ಆ ಮನೆ ಮಾರಾಟವಾಯಿತು. ನಮ್ಮ ಮಾವನವರು ಕೊನೆಯ ಆರು ವರ್ಷ ಬೆಂಗಳೂರಿನ ನಮ್ಮ ಮನೆಯಲ್ಲೇ ಇದ್ದರು. ಸಂಜೆಯಾದರೆ ಸುಮ್ನೆ ಗೇಟಿನ ಹತ್ತಿರ ನಿಂತು ಪಡುವಣ ದಿಕ್ಕಿಗೆ ನೋಡುತ್ತಿದ್ದರು. ಅಲ್ಲಿ ಕಾಣುತ್ತಿದ್ದದ್ದು ಎದುರು ಮನೆಯ ನೀರಿನ ಟ್ಯಾಂಕು.

"ಅತ್ತಿಗೆ, ಕಡಲು ನಮ್ಮೂರಲ್ಲಿ ಇಲ್ವಾ?" ಎಂದು ನಾದಿನಿ ಕೇಳಿದಳು. ಇದೆ. ಆದರೆ ಅಲ್ಲಿ ಮೊಮ್ಮಗನಿಲ್ಲ.

ಹುವಾ ಹಿನ್‌ಗೆ ಮೊದಲ ಸಲ ಹೋದಾಗ ಮಗಳು ನಮ್ಮನ್ನು ಖಾವೊ ತಕಿಯಾಬ್ ಗುಡ್ಡಕ್ಕೆ ಕರೆದುಕೊಂಡು ಹೋದಳು. ಮೇಲೆ ದೇವಸ್ಥಾನ, ಮೆಟ್ಟಿಲ ತುಂಬಾ ಕೋತಿ, ಕೆಳಗೆ ಮೀನುಗಾರರ ದೋಣಿ. ಬಲೆಯ ಮೇಲೆ ಬೊಂಡಾಸ್ (ಸ್ಕ್ವಿಡ್) ಒಣಗಿಸಿದ್ದರು. ಆ ವಾಸನೆಗೆ ನಮ್ಮವರು ನಿಂತೇಬಿಟ್ಟರು. "ಕಾಸರಕೋಡ ದಂಡೆ ಹಾಗೇ ಇದೆ ಕಣೆ" ಅಂದರು. ಹೊನ್ನಾವರದ ಪಕ್ಕದ ಕಡಲತೀರ ಅದು. ಅವರಿಗೆ ಒಂದೇ ಒಂದು ಗೊಂದಲ. ಹೊನ್ನಾವರದಲ್ಲಿ ಸೂರ್ಯ ಕಡಲಿಗೆ ಇಳಿಯುತ್ತಾನೆ, ಇಲ್ಲಿ ಕಡಲಿನಿಂದ ಏಳುತ್ತಾನೆ. ಎರಡು ದಿನ ಬೆಳಗ್ಗೆ ಐದೂವರೆಗೇ ಎದ್ದು ಮರಳಲ್ಲಿ ಕೂತಿದ್ದರು. ಮನೆ ತೆಗೆದುಕೊಳ್ಳುವುದು ಅಲ್ಲೇ ತೀರ್ಮಾನವಾಯಿತು.

ನೋಡಿದ ಮನೆ 42 ಚದರ ಮೀಟರಿನದು. ಒಂದು ಬೆಡ್‌ರೂಮು, ಕಡಲು ಓರೆಯಾಗಿ ಕಾಣುವ ಬಾಲ್ಕನಿ. ಬೆಲೆ 28 ಲಕ್ಷ ಬಾತ್, ಅಂದರೆ ಆಗ 65 ಲಕ್ಷ ರೂಪಾಯಿ. ಮೈಸೂರಿನ ಸೈಟು ಮಾರಿದ ಹಣ ಅದಕ್ಕೆ ಸರಿಹೋಗುತ್ತಿತ್ತು. ವಿದೇಶೀಯರಿಗೆ ಅಲ್ಲಿ ನೆಲ ಕೊಳ್ಳಲು ಆಗುವುದಿಲ್ಲ. ಅಪಾರ್ಟ್‌ಮೆಂಟಿನ ಮನೆ ಕೊಳ್ಳಬಹುದು, ಅದೂ ಕಟ್ಟಡದ ಮನೆಗಳ ಒಟ್ಟು ವಿಸ್ತೀರ್ಣದಲ್ಲಿ ವಿದೇಶೀಯರೆಲ್ಲರ ಪಾಲು 49 ಪರ್ಸೆಂಟ್ ಮೀರದ ಹಾಗೆ. ನಮ್ಮ ಕಟ್ಟಡದಲ್ಲಿ ಜಾಗ ಉಳಿದಿತ್ತು. ಮನೆ ಕೊಂಡರೆ ವೀಸಾ ಸಿಗುತ್ತೆ ಅಂತ ನಮ್ಮ ಬಳಗದಲ್ಲಿ ಎಷ್ಟೋ ಜನ ಅಂದುಕೊಂಡಿದ್ದಾರೆ. ಸಿಗುವುದಿಲ್ಲ. ನಿವೃತ್ತರ ವೀಸಾ ಬೇರೆಯೇ. 50 ವರ್ಷ ಆಗಿರಬೇಕು, ಅಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟು ತೋರಿಸಬೇಕು ಅಥವಾ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ನಾವು ಹೋಗಿದ್ದು ಆಗಿನ 30 ದಿನದ ವೀಸಾ ವಿನಾಯಿತಿಯಲ್ಲಿ.

ಹಣ ಕಳಿಸುವುದೇ ದೊಡ್ಡ ಕೆಲಸ. ರಿಸರ್ವ್ ಬ್ಯಾಂಕಿನ ನಿಯಮದಲ್ಲಿ ಒಬ್ಬರು ವರ್ಷಕ್ಕೆ 2,50,000 ಡಾಲರ್ ತನಕ ಹೊರಗೆ ಕಳಿಸಬಹುದು. ಅದರಲ್ಲಿ ತೊಂದರೆಯಿಲ್ಲ. ಆದರೆ ಆ ವರ್ಷ 7 ಲಕ್ಷ ರೂಪಾಯಿ ದಾಟಿದ ಹಣಕ್ಕೆ ಬ್ಯಾಂಕು 20 ಪರ್ಸೆಂಟ್ ಟಿಸಿಎಸ್, ಅಂದರೆ ಮುಂಚಿತವಾಗಿಯೇ ವಸೂಲು ಮಾಡುವ ತೆರಿಗೆ, ಹಿಡಿಯುತ್ತಿತ್ತು. ನಮ್ಮದು ಹತ್ತು ಲಕ್ಷಕ್ಕೂ ಜಾಸ್ತಿ ಆ ತೆರಿಗೆಗೇ ಹೋಯಿತು. ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಸಿಗುತ್ತೆ, ನಿಜ. ಅಲ್ಲಿಯತನಕ ಆ ಹಣ ಕೈಯಲ್ಲಿ ಇರುವುದಿಲ್ಲ. ಇದನ್ನು ಮೊದಲೇ ಲೆಕ್ಕ ಹಾಕದಿದ್ದರೆ ನಡುವೆ ಸಿಕ್ಕಿಕೊಳ್ಳುತ್ತಿದ್ದೆವು.

ಇನ್ನು ತಪ್ಪಿನ ವಿಷಯ. ಮನೆ ಹಿಡಿದಿಡಲು 10 ಪರ್ಸೆಂಟ್ ಮುಂಗಡ ಕೊಡಬೇಕಿತ್ತು, 2 ಲಕ್ಷ 80 ಸಾವಿರ ಬಾತ್. ಮಗಳು ತನ್ನ ಸಂಬಳದ ಖಾತೆಯಿಂದಲೇ ಕಟ್ಟಿಬಿಟ್ಟಳು. ಆಮೇಲೆ ನಾವು ಕೊಡೋದು ಇದ್ದೇ ಇದೆಯಲ್ಲ. ಏಜೆಂಟ್ ಕೂಡ ಪರವಾಗಿಲ್ಲ ಅಂದ. ಲಾಯರ್ ಬೇಡ, ಸುಮ್ನೆ ಖರ್ಚು ಅಂದವನೂ ಅವನೇ. ಉಳಿದ 25 ಲಕ್ಷ 20 ಸಾವಿರ ಬಾತ್‌ನಷ್ಟನ್ನು ನಾವು ಬೆಂಗಳೂರಿನಿಂದ ಡಾಲರಿನಲ್ಲಿ ಕಳಿಸಿದೆವು.

ಆ ದೇಶದ ಕಾನೂನು ನೇರವಾಗಿದೆ. ವಿದೇಶೀಯ ಕೊಳ್ಳುವ ಮನೆಯ ಪೂರ್ತಿ ಬೆಲೆ ಹೊರದೇಶದ ಹಣವಾಗಿಯೇ ಒಳಗೆ ಬರಬೇಕು, ಅಲ್ಲಿ ಬಾತ್ ಆಗಬೇಕು, ಅದಕ್ಕೆ ಅಲ್ಲಿನ ಬ್ಯಾಂಕು ಪತ್ರ ಕೊಡಬೇಕು. ಮಗಳು ಕಟ್ಟಿದ್ದು ಅಲ್ಲೇ ದುಡಿದ ಬಾತ್. ಲ್ಯಾಂಡ್ ಆಫೀಸಿನ ಹೆಂಗಸು ಕ್ಯಾಲ್ಕುಲೇಟರ್ ಒತ್ತಿ ನಮ್ಮ ಕಡೆ ತಿರುಗಿಸಿ ತೋರಿಸಿದಳು. 2,80,000 ಕಡಿಮೆ.

ಹೊರಗೆ ಬಂದ ಮೇಲೆ ಏಜೆಂಟ್ ದನಿ ತಗ್ಗಿಸಿ ಒಂದು ದಾರಿ ಹೇಳಿದ. ಕಾಗದದಲ್ಲಿ ಬೆಲೆಯನ್ನೇ 25 ಲಕ್ಷ 20 ಸಾವಿರ ಅಂತ ಬರೆಸಿಬಿಡೋಣ, ಮಧ್ಯಾಹ್ನಕ್ಕೇ ಮುಗಿದುಹೋಗುತ್ತೆ. ಮಗಳು ರಜೆ ಹಾಕಿ ಬಂದಿದ್ದಳು. ಮಗು ಬಿಸಿಲಿಗೆ ಅಳುತ್ತಿತ್ತು. "ಅಪ್ಪ, ಮುಗಿಸಿಬಿಡೋಣ" ಅಂದಳು. ನಿಜ ಹೇಳುತ್ತೇನೆ, ನನಗೂ ಹಾಗೇ ಅನಿಸಿತ್ತು.

ನಮ್ಮವರು ಒಪ್ಪಲಿಲ್ಲ. "ಹೊನ್ನಾವರದ ಮನೆ ಹೋಗಿದ್ದೇ ಹೀಗೆ. ಬಾಯಲ್ಲೊಂದು ಬೆಲೆ, ಕಾಗದದಲ್ಲೊಂದು. ಅಪ್ಪನ ಪಾಲಿಗೆ ಬಂದದ್ದು ಕಾಗದದ ಬೆಲೆ" ಅಂದರು. ಮದುವೆಯಾಗಿ 36 ವರ್ಷ, ಈ ಮಾತು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಅವರು ಹೇಳಿದ್ದರಲ್ಲಿ ಬೇರೆ ಲೆಕ್ಕವೂ ಇತ್ತು. ನಾಳೆ ಮನೆ ಮಾರಿ ಹಣ ಊರಿಗೆ ತರುವಾಗ ಅಲ್ಲಿನ ಬ್ಯಾಂಕು ಕೇಳುವುದು ಇದೇ ಪತ್ರಗಳನ್ನು. ನಮ್ಮ ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ಅಂತ ಪ್ರತಿ ವರ್ಷ ತೋರಿಸಬೇಕಾದ್ದೂ ಇದೇ ಮೊತ್ತವನ್ನು.

ಮಧ್ಯಾಹ್ನ ಒಬ್ಬ ಲಾಯರಮ್ಮನನ್ನು ಹುಡುಕಿಕೊಂಡು ಹೋದೆವು. ಹತ್ತು ನಿಮಿಷದಲ್ಲಿ ದಾರಿ ಹೇಳಿದರು. ಕಡಿಮೆ ಬಿದ್ದಷ್ಟು ಹಣವನ್ನು ಊರಿನಿಂದ ಡಾಲರಿನಲ್ಲಿ ಕಳಿಸಿ, ಮಾರುವವರು ಮಗಳ ಮುಂಗಡ ವಾಪಸ್ ಕೊಡಲಿ. ಕಳಿಸುವಾಗ ಉದ್ದೇಶದ ಜಾಗದಲ್ಲಿ ಮನೆ ಕೊಳ್ಳಲು ಅಂತಲೇ ಬರೆಸಿ. ಕಳಿಸುವವರ ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಈ ಕೊನೆಯ ಮಾತು ನಮ್ಮಂಥವರಿಗೆ ಬಹಳ ಮುಖ್ಯ. ನಮ್ಮವರ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಬರೀ ಇನಿಷಿಯಲ್ಲು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು.

ನಡುವೆ ಬೌದ್ಧರ ಮಾಖಾ ಬೂಚಾ ಹಬ್ಬದ ರಜೆ ಬಂತು. ಹಣ ತಲುಪಿ ಬ್ಯಾಂಕಿನ ಪತ್ರ ಕೈಗೆ ಬರಲು ಒಂದು ವಾರ ಹಿಡಿಯಿತು. ಮಾರುವವರು ಎಪ್ಪತ್ತು ದಾಟಿದ ಬ್ಯಾಂಕಾಕಿನ ಅಜ್ಜಿ. ಬೇರೆಯವರಿಗೆ ಕೊಡುತ್ತಾರೇನೋ ಎಂಬ ಭಯ ನನಗೆ. ಆ ತಾಯಿ ಕಾಯುತ್ತೇನೆ ಅಂದರು, ಕಾದರು. ಒಂದು ಸಂಜೆ ನನ್ನ ಕೈಹಿಡಿದು ಅಪಾರ್ಟ್‌ಮೆಂಟಿನ ಅಂಗಳದಲ್ಲಿದ್ದ ಪುಟ್ಟ ಗುಡಿಯ ಹತ್ತಿರ ಕರೆದುಕೊಂಡು ಹೋದರು. ಆ ಜಾಗ ಕಾಯುವ ದೈವದ ಗುಡಿ. ಮಲ್ಲಿಗೆ ಮಾಲೆ, ಊದಿನಕಡ್ಡಿ, ಸ್ಟ್ರಾ ಹಾಕಿದ ಕೆಂಪು ಶರಬತ್ತು. ಅವರು ಮೆಲ್ಲಗೆ ಏನೋ ಹೇಳಿಕೊಂಡರು. ಹೊಸಬರು ಬರುತ್ತಿದ್ದಾರೆ ಎಂದು ದೈವಕ್ಕೆ ತಿಳಿಸಿದರಂತೆ, ಮಗಳು ಆಮೇಲೆ ಹೇಳಿದಳು. ನಮ್ಮ ಅತ್ತೆ ಚೌಡಿಯ ಕಲ್ಲಿನ ಮುಂದೆ ಹೀಗೇ ಮಾತಾಡುತ್ತಿದ್ದರು.

ಆಮೇಲಿನ ಎರಡನೇ ಗುರುವಾರ ಮತ್ತೆ ಅದೇ ಕೌಂಟರ್, ಅದೇ ಹೆಂಗಸು. ಕಟ್ಟಡದ ಕಚೇರಿಯಿಂದ ಬಾಕಿ ಇಲ್ಲವೆಂಬ ಪತ್ರ, ವಿದೇಶೀಯರ ಪಾಲಿನ ಪತ್ರ, ಬ್ಯಾಂಕಿನ ಎರಡು ಪತ್ರ. ಕ್ಯಾಲ್ಕುಲೇಟರ್ ಒತ್ತಿದಳು. ಈ ಸಲ ತಿರುಗಿಸಿ ತೋರಿಸಲಿಲ್ಲ. ನಕ್ಕಳು.

ಅವಳು ಕೊಟ್ಟ ಹಕ್ಕುಪತ್ರದ ನೆತ್ತಿಯಲ್ಲಿ ರೆಕ್ಕೆ ಬಿಚ್ಚಿದ ಗರುಡ. ನಮ್ಮ ಸರ್ಕಾರದ ಕಾಗದದಲ್ಲಿ ಗಂಡಭೇರುಂಡ ಇರುತ್ತದಲ್ಲ, ಹಾಗೆ ಅವರಿಗೆ ಗರುಡ. ಇಸವಿ 2567, ಅವರದು ಬುದ್ಧನ ಲೆಕ್ಕ. ಹಿಂದಿನ ಪುಟದಲ್ಲಿ ಯಾರು ಯಾರಿಗೆ ಮಾರಿದರು ಎಂಬುದೆಲ್ಲ ಸಾಲಾಗಿ ಇತ್ತು, ನಮ್ಮಲ್ಲಿ ಋಣಭಾರ ಪತ್ರ (ಇಸಿ) ತೆಗೆಸಿದರೆ ಬರುವ ಹಾಗೆ. ಕೊನೆಯ ಸಾಲು ಇನ್ನೂ ಹೊಸದು. ಆ ಗುಂಡುಗುಂಡು ಅಕ್ಷರ ನಮಗೆ ಓದಲು ಬರುವುದಿಲ್ಲ. ನಮ್ಮವರು ಆ ಸಾಲಿನ ಮೇಲೆ ಬೆರಳಿಟ್ಟು ಏನಿದೆ ಎಂದು ಕೇಳಿದರು.

ಅವಳು ನಿಧಾನವಾಗಿ ಓದಿದಳು. ಮೊದಲು ಇವರ ಹೆಸರು. ಅದರ ಹಿಂದೆಯೇ, ಅವಳ ನಾಲಿಗೆಗೆ ಒಗ್ಗಿದ ಹಾಗೆ ಸ್ವಲ್ಪ ಬಾಗಿ, ನಮ್ಮ ಮಾವನವರ ಹೆಸರು.

"ಇನ್ನೊಂದು ಸಲ ಓದ್ತೀರಾ?" ಎಂದು ಇವರು ಕನ್ನಡದಲ್ಲೇ ಕೇಳಿದರು. ಅವಳು ಓದಿದಳು.