ಮುಳುಗುವ ಸೂರ್ಯ, ಮೂರು ಎಕ್ಸ್‌ಪೋಷರ್

ಇವತ್ತು ಸಂಜೆ ಟೆರೇಸ್ ಮೇಲೆ ಟ್ರೈಪಾಡ್ ಇಟ್ಟು ಎಚ್‌ಡಿಆರ್ ಫೋಟೋ ತೆಗೆದೆ, ಅಂದರೆ ಒಂದೇ ದೃಶ್ಯವನ್ನು ಬೇರೆ ಬೇರೆ ಎಕ್ಸ್‌ಪೋಷರ್‌ನಲ್ಲಿ (ಒಳಬಿಡುವ ಬೆಳಕಿನ ಪ್ರಮಾಣದಲ್ಲಿ) ತೆಗೆದು ಸೇರಿಸಿದ ಚಿತ್ರ. ಆಕಾಶಕ್ಕೆ ಬೆಳಕು ಹೊಂದಿಸಿದರೆ ಕಟ್ಟಡಗಳೆಲ್ಲ ಕಪ್ಪು, ಕಟ್ಟಡಗಳಿಗೆ ಹೊಂದಿಸಿದರೆ ಆಕಾಶ ಪೂರ್ತಿ ಬೆಳ್ಳಗೆ, ಎರಡನ್ನೂ ಒಂದೇ ಕ್ಲಿಕ್‌ನಲ್ಲಿ ಹಿಡಿಯೋದು ಸೆನ್ಸರ್‌ಗೆ ಕಷ್ಟ ಅಲ್ವಾ. ಅದಕ್ಕೇ ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್/8, ಐಎಸ್‌ಒ (ಬೆಳಕಿನ ಸೂಕ್ಷ್ಮತೆ) 100 ಹಾಗೇ ಇಟ್ಟು, ಶಟರ್ ತೆರೆದಿರುವ ಸಮಯ ಮಾತ್ರ 1/250, 1/60, 1/15 ಸೆಕೆಂಡ್‌ಗೆ ಬದಲಾಯಿಸಿ ಮೂರು ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಫೋಟೋ) ತೆಗೆದುಕೊಂಡೆ. ಮೊದಲನೆಯದಕ್ಕಿಂತ ಕೊನೆಯದಕ್ಕೆ ಸುಮಾರು 16 ಪಟ್ಟು ಬೆಳಕು!

ಮೂರನ್ನೂ ಸೇರಿಸಿದ ಮೇಲೆ ದೂರದ ನೀರಿನ ಟ್ಯಾಂಕಿಗೆ ಒರಗಿಸಿದ್ದ ಏಣಿಯ ಮೆಟ್ಟಿಲುಗಳೂ ಕಾಣಿಸಿದವು, ಅದರ ಹಿಂದೆಯೇ ಮೋಡದ ಅಂಚಿನ ಕೇಸರಿ ಬಣ್ಣ ಒಂಚೂರೂ ಮಾಸಿರಲಿಲ್ಲ. ತುಂಬಾ ಖುಷಿಯಾಯಿತು.

ನಮ್ಮ ಕಣ್ಣು ಈ ಕೆಲಸವನ್ನು ಸುಮ್ನೆ ಮಾಡುತ್ತಲೇ ಇರುತ್ತದೆ. ಆಕಾಶ ನೋಡಿ ಕೆಳಗೆ ಬೀದಿ ನೋಡುವಷ್ಟರಲ್ಲಿ ಹೊಂದಿಕೊಂಡಿರುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ.

ಎಡಿಟ್ ಮಾಡುವಾಗ ಎಚ್‌ಡಿಆರ್ ಪರಿಣಾಮದ ಸ್ಲೈಡರ್ ಜಾಸ್ತಿ ಎಳೆದರೆ ಕಟ್ಟಡಗಳ ಸುತ್ತ ಬಿಳಿ ಅಂಚು ಬಂದುಬಿಡುತ್ತದೆ, ನನಗದು ಇಷ್ಟವಿಲ್ಲ. ಸಂಜೆಯ ಚಿತ್ರದಲ್ಲಿ ನೆರಳು ಸ್ವಲ್ಪ ಉಳಿದಿರಲಿ. ಹಾರುತ್ತಿದ್ದ ಹಕ್ಕಿಗಳು ಮಾತ್ರ ಮೂರು ಫೋಟೋದಲ್ಲಿ ಮೂರು ಜಾಗದಲ್ಲಿದ್ದವು, ಹೀಗೆ ಚಲಿಸಿದ್ದರ ನೆರಳುಚಿತ್ರ ಅಳಿಸುವ ಡಿಘೋಸ್ಟ್ ಆನ್ ಮಾಡಿದ ಮೇಲೆ ಸರಿಹೋಯಿತು. ಮುಂದಿನ ಸಲ ಸೂರ್ಯ ಮುಳುಗಿದ ಮೇಲೆ, ಕಿಟಕಿ ದೀಪಗಳು ಹೊತ್ತಿಕೊಳ್ಳುವಾಗ ತೆಗೆಯಬೇಕು.