ಬೆವರಿದ ಚೊಂಬು

ಫ್ರಿಜ್ಜಿನಿಂದ ತೆಗೆದಿಟ್ಟ ಚೊಂಬು ಎರಡೇ ನಿಮಿಷಕ್ಕೆ ಬೆವರಿ ಮೇಜೆಲ್ಲ ಒದ್ದೆ. ಕಾರವಾರದ ಆಷಾಢ ಮಾರಾಯ್ರೇ!

ಚೊಂಬಿಗೇ ಈ ಗತಿ. ಇನ್ನು ದ್ರವ ಸಾರಜನಕದಿಂದ 77 ಕೆಲ್ವಿನ್‌ಗೆ (ಸುಮಾರು ಮೈನಸ್ 196 ಡಿಗ್ರಿ ಸೆಲ್ಸಿಯಸ್) ಇಳಿಸಿದ ಡಿಸ್ಪ್ರೋಸಿಯಂ ಅನ್ನೋ ಲೋಹದ ತುಣುಕಿನ ಪಾಡು?

ಸುಮಾರು 85 ಕೆಲ್ವಿನ್‌ಗಿಂತ ಕೆಳಗೆ ಅದು ಫೆರೋಮ್ಯಾಗ್ನೆಟ್, ಅಂದರೆ ಕಬ್ಬಿಣದ ಹಾಗೆ ಕಾಂತವಾಗಬಲ್ಲದ್ದು. ಹರಳುಗಳು ಯಾವ ದಿಕ್ಕಿಗೆ ವಾಲಿವೆ ಅಂತ ಎಕ್ಸ್-ರೇಯಲ್ಲಿ ನೋಡಹೊರಟರೆ, ತಾಮ್ರದ ಎಕ್ಸ್-ರೇ ಟ್ಯೂಬಿಗೆ, ಚದುರಿದ ಕಿರಣದ ನಕ್ಷೆಯಲ್ಲಿ 22.8, 24.3, 25.9 ಡಿಗ್ರಿ ಕೋನದ ಹತ್ತಿರ ಮೂರು ಶಿಖರ. ಲೋಹದ್ದಲ್ಲ, ಗಾಳಿಯ ತೇವ ಹೆಪ್ಪುಗಟ್ಟಿದ ಮಂಜುಗಡ್ಡೆಯದ್ದು!

ಅದಕ್ಕೇ ತುಣುಕಿಟ್ಟ ಪೆಟ್ಟಿಗೆಯಲ್ಲಿ ಮೊದಲು ನಿರ್ವಾತ, ಆಮೇಲೆ ತಣಿಸೋದು. ತೆಗೆಯುವಾಗಲೂ ಕೋಣೆಯ ಬಿಸಿಗೆ ಬರೋ ತನಕ ಮುಚ್ಚಳ ಮುಟ್ಟಬಾರದು.

ಪುಡಿಯಾದರೆ ಇನ್ನೊಂದು ಕಿರಿಕಿರಿ. ಸಡಿಲ ಬಿಟ್ಟರೆ ಕಾಂತಕ್ಷೇತ್ರ ಹಾಕಿದ ಕೂಡಲೇ ಕಣಗಳೇ ತಿರುಗಿ ಸಾಲಾಗಿ ನಿಲ್ಲುತ್ತವೆ. ಇಲ್ಲದ ಟೆಕ್ಸ್ಚರ್ (ಹರಳುಗಳು ಒಂದೇ ದಿಕ್ಕಿಗೆ ವಾಲಿರೋದು) ಕಾಣುತ್ತದೆ. ಎಪಾಕ್ಸಿಯಲ್ಲಿ ಕಲಸಿ, ಗಟ್ಟಿಯಾದ ಮೇಲೇ ಒಳಗಿಡಬೇಕು. ಅಂಟು ಹಸಿಯಿದ್ದಾಗ ಅವಸರ ಮಾಡಿದರೆ ಮತ್ತದೇ ಕಥೆ.