ಹಕ್ ಹರಿದು ಹಾಕಿದ ಚೀಟಿ

2025 ಜೂನ್ 15, ಭಾನುವಾರ

ರಾತ್ರಿ ಹನ್ನೊಂದೂವರೆ. ಮಗಳು ಮಲಗಿದ್ದಾಳೆ. ನನಗೆ ನಿದ್ದೆ ಬರುತ್ತಿಲ್ಲ. ಸಂಜೆ ಅವಳು ಕೇಳಿದ ಒಂದು ಪ್ರಶ್ನೆ ತಲೆಯಲ್ಲೇ ಕೂತಿದೆ.

ಎರಡು ವಾರದಿಂದ ಅವಳು ಮಾರ್ಕ್ ಟ್ವೇನ್ ಬರೆದ ಹಕಲ್‌ಬೆರಿ ಫಿನ್ ಕಾದಂಬರಿ ಓದುತ್ತಿದ್ದಾಳೆ. ಅವಳ ಜೊತೆ ನಾನೂ ಮತ್ತೆ ಓದುತ್ತಿದ್ದೇನೆ. ಅವಳಿಗೆ ಈಗ ಹದಿನಾಲ್ಕು. ಹಕ್‌ಗೂ ಹೆಚ್ಚುಕಡಿಮೆ ಅಷ್ಟೇ. ಹದಿಮೂರೋ ಹದಿನಾಲ್ಕೋ ಇರಬೇಕು ಅಂತ ಅವನೇ ಒಂದು ಕಡೆ ಹೇಳಿಕೊಳ್ಳುತ್ತಾನೆ. ಓಡಿಬಂದ ಗುಲಾಮನೊಬ್ಬನನ್ನು ಹಿಡಿದುಕೊಡುವುದಿಲ್ಲ ಅಂತ ಹಕ್ ತೀರ್ಮಾನಿಸುವ 31ನೇ ಅಧ್ಯಾಯವನ್ನು ಇವತ್ತು ಮುಗಿಸಿ ಬಂದು ಕೇಳಿದಳು: "ಅಮ್ಮಾ, ತಾನು ಮಾಡಿದ್ದು ಸರಿ ಅಂತ ಹಕ್‌ಗೆ ಯಾವಾಗ ಗೊತ್ತಾಗುತ್ತೆ?"

"ಗೊತ್ತಾಗೋದೇ ಇಲ್ಲ" ಅಂದೆ.

"ಕೊನೇವರೆಗೂ?"

"ಕೊನೇವರೆಗೂ."

ಅವಳಿಗೆ ಸಿಟ್ಟು ಬಂತು. ಅಷ್ಟು ಒಳ್ಳೆಯ ಕೆಲಸ ಮಾಡಿದ ಹುಡುಗನಿಗೆ ಯಾರಾದರೂ ಬಂದು "ನೀನು ಮಾಡಿದ್ದೇ ಸರಿ ಕಣೋ" ಅನ್ನಬೇಕಿತ್ತು ಅಂದಳು. ಅವಳ ವಯಸ್ಸಿನಲ್ಲಿ ಓದಿದಾಗ ನನಗೆ ಇದು ಕಂಡಿರಲೇ ಇಲ್ಲ. ನನಗೆ ಆಗ ಅದು ನದಿ, ತೆಪ್ಪ, ಸಾಹಸದ ಕಥೆ ಅಷ್ಟೇ ಆಗಿತ್ತು.

ಓದದವರಿಗಾಗಿ ಎರಡು ಮಾತು. ಹಕ್ ತಾಯಿ ಸತ್ತ ಹುಡುಗ. ಅಪ್ಪ ಕುಡುಕ, ಹೊಡೆಯುವವನು. ಆ ಅಪ್ಪನಿಂದ ತಪ್ಪಿಸಿಕೊಂಡು ಬಂದಿದ್ದಾನೆ. ಜಿಮ್, ಮಿಸ್ ವಾಟ್ಸನ್ ಎಂಬಾಕೆಯ ಮನೆಯ ಗುಲಾಮ. ತನ್ನನ್ನು 800 ಡಾಲರಿಗೆ ನದಿಯ ಕೆಳಗೆ ನ್ಯೂ ಆರ್ಲಿಯನ್ಸ್ ಕಡೆ ಮಾರುವ ಮಾತು ಕಿವಿಗೆ ಬಿದ್ದದ್ದೇ ತಡ, ಓಡಿಹೋಗುತ್ತಾನೆ. ಇಬ್ಬರೂ ಒಂದೇ ತೆಪ್ಪದಲ್ಲಿ ರಾತ್ರಿ ಹೊತ್ತು ಮಿಸ್ಸಿಸ್ಸಿಪ್ಪಿ ನದಿಯಲ್ಲಿ ಸಾಗುತ್ತಾರೆ. ಓಹಿಯೋ ನದಿ ಬಂದು ಸೇರುವ ಕೇರೋ ಎಂಬ ಊರು ಸಿಕ್ಕರೆ ಅಲ್ಲಿಂದ ಗುಲಾಮಗಿರಿ ಇಲ್ಲದ ರಾಜ್ಯಗಳಿಗೆ ಹೋಗಬಹುದು. ಆದರೆ ಮಂಜಿನಲ್ಲಿ ಆ ಊರು ದಾಟಿಹೋಗುತ್ತದೆ. ತೆಪ್ಪ ಮತ್ತೂ ದಕ್ಷಿಣಕ್ಕೆ ಹೋಗುತ್ತದೆ.

ಕಥೆ ನಡೆಯುವುದು 1840ರ ಆಸುಪಾಸು. ಅವರು ಹೊರಟ ಮಿಸ್ಸೌರಿ 1821ರಲ್ಲಿ ಗುಲಾಮಗಿರಿಯನ್ನು ಉಳಿಸಿಕೊಂಡೇ ಅಮೆರಿಕದ ರಾಜ್ಯವಾಯಿತು. ಓಡಿಹೋದ ಗುಲಾಮನನ್ನು ಬಚ್ಚಿಟ್ಟವರಿಗೆ 1793ರ ಕಾನೂನಿನಲ್ಲಿ 500 ಡಾಲರ್ ದಂಡವಿತ್ತು. ಟ್ವೇನ್ ಬೆಳೆದದ್ದು ಅಂಥದೇ ಊರಿನಲ್ಲಿ, ಮಿಸ್ಸೌರಿಯ ಹ್ಯಾನಿಬಲ್‌ನಲ್ಲಿ. ಹುಡುಗನಾಗಿದ್ದಾಗ ಗುಲಾಮಗಿರಿ ತಪ್ಪು ಅಂತ ತನಗೆ ಅನ್ನಿಸಿರಲೇ ಇಲ್ಲ, ಅದು ತಪ್ಪು ಅನ್ನುವ ಮಾತೇ ಕಿವಿಗೆ ಬಿದ್ದಿರಲಿಲ್ಲ, ದೇವರಿಗೂ ಒಪ್ಪಿಗೆ ಅಂತಲೇ ಚರ್ಚಿನಲ್ಲಿ ಹೇಳುತ್ತಿದ್ದರು ಅಂತ ಮುಂದೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ.

ಹಾಗಾಗಿ ಹಕ್‌ನ ಮನಸ್ಸಾಕ್ಷಿ ಅಂದರೆ ಏನು? ಊರಿನ ನಾಲ್ಕು ಜನ ಅವನ ತಲೆಯೊಳಗೆ ಕೂತು ಮಾತಾಡುವುದೇ ಅವನ ಮನಸ್ಸಾಕ್ಷಿ.

16ನೇ ಅಧ್ಯಾಯ ನೋಡಿ. ಜಿಮ್ ಖುಷಿಯಲ್ಲಿ ತನ್ನ ಆಸೆ ಹೇಳಿಕೊಳ್ಳುತ್ತಾನೆ. ದುಡಿದು ದುಡ್ಡು ಕೂಡಿಟ್ಟು ಹೆಂಡತಿಯನ್ನು ಕೊಳ್ಳುತ್ತಾನಂತೆ. ಆಮೇಲೆ ಇಬ್ಬರೂ ದುಡಿದು ಇಬ್ಬರು ಮಕ್ಕಳನ್ನು ಕೊಳ್ಳುತ್ತಾರಂತೆ. ಯಜಮಾನ ಮಾರದಿದ್ದರೆ ಮಕ್ಕಳನ್ನು ಯಾರ ಕೈಯಲ್ಲಾದರೂ ಕದಿಸುತ್ತಾನಂತೆ. ಇದನ್ನು ಕೇಳಿ ಹಕ್‌ಗೆ ಮೈ ತಣ್ಣಗಾಗುತ್ತದೆ. ನನಗೇನೂ ಕೆಡುಕು ಮಾಡದ ಯಾರೋ ಒಬ್ಬನ ಮಕ್ಕಳನ್ನು ಇವನು ಕದಿಯುತ್ತಾನಲ್ಲ ಅಂತ ಯೋಚಿಸುತ್ತಾನೆ. ಆ ಮಕ್ಕಳು ಜಿಮ್‌ನವೇ! ಅದು ಈ ಹುಡುಗನಿಗೆ ಹೊಳೆಯುವುದೇ ಇಲ್ಲ. ಈ ಸಾಲು ಓದಿ ನಾನು ಪುಸ್ತಕ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಹಕ್ ಕೆಟ್ಟವನಲ್ಲ. ಕೆಟ್ಟವನಲ್ಲದ ಹುಡುಗ ಹೀಗೆ ಯೋಚಿಸಬಲ್ಲ, ಅದೇ ಭಯ.

ಜಿಮ್‌ನನ್ನು ಹಿಡಿದುಕೊಡೋಣ ಅಂತ ಹಕ್ ಚಿಕ್ಕ ದೋಣಿ ಹತ್ತಿ ಹೊರಡುತ್ತಾನೆ. ಇದು ಗೊತ್ತಿಲ್ಲದ ಜಿಮ್ ಹಿಂದಿನಿಂದ ಕೂಗಿ ಹೇಳುತ್ತಾನೆ, ನನಗೆ ಕೊಟ್ಟ ಮಾತು ಉಳಿಸಿಕೊಂಡ ಬಿಳಿಯ ನೀನೊಬ್ಬನೇ ಅಂತ. ಎದುರಿಗೆ ಬಂದೂಕು ಹಿಡಿದ ಇಬ್ಬರು ಸಿಗುತ್ತಾರೆ. ಓಡಿಹೋದ ಐವರು ಗುಲಾಮರನ್ನು ಹುಡುಕುತ್ತಿರುವವರು. ತೆಪ್ಪದಲ್ಲಿರುವವನು ಬಿಳಿಯನೋ ಕರಿಯನೋ ಅಂತ ಕೇಳುತ್ತಾರೆ. ಹಕ್‌ನ ನಾಲಿಗೆ ಒಂದು ಕ್ಷಣ ಏಳುವುದಿಲ್ಲ. ಆಮೇಲೆ "ಬಿಳಿಯ" ಅನ್ನುತ್ತಾನೆ. ಅಲ್ಲಿ ಸಿಡುಬು ಇದೆ ಅಂತ ಅವರೇ ತಿಳಿದುಕೊಳ್ಳುವ ಹಾಗೆ ಮಾತು ಎಳೆಯುತ್ತಾನೆ. ಅವರಿಗೆ ಹುಡುಗನ ಮೇಲೆ ಮರುಕ ಬರುತ್ತದೆ, ಆದರೆ ಹತ್ತಿರ ಬರುವುದಿಲ್ಲ. ಹಲಗೆಯ ಮೇಲೆ ತಲಾ 20 ಡಾಲರಿನ ಚಿನ್ನದ ನಾಣ್ಯ ಇಟ್ಟು ತೇಲಿಬಿಟ್ಟು ಹೋಗುತ್ತಾರೆ. ಒಟ್ಟು 40 ಡಾಲರ್.

ಈ ಸಲ ಓದುವಾಗ ಈ 40 ನನ್ನ ಕಣ್ಣಿಗೆ ಬಿತ್ತು. ಮುಂದೆ ರಾಜ ಅಂತ ಹೇಳಿಕೊಳ್ಳುವ ಮೋಸಗಾರ ಜಿಮ್‌ನನ್ನು ಮಾರಿಬಿಡುವುದೂ 40 ಡಾಲರಿಗೆ. ಕೊನೆಯ ಅಧ್ಯಾಯದಲ್ಲಿ ಹಕ್‌ನ ಗೆಳೆಯ ಟಾಮ್ ಸಾಯರ್, ಆಟಕ್ಕಾಗಿ ಜಿಮ್‌ನನ್ನು ಸೆರೆಯಲ್ಲೇ ಇಟ್ಟು ಕಾಡಿಸಿದ್ದಕ್ಕೆ ಅವನ ಕೈಗಿಡುವುದೂ 40 ಡಾಲರ್. ಟ್ವೇನ್ ಬೇಕೆಂದೇ ಹೀಗೆ ಮಾಡಿದನೋ ಏನೋ, ನನಗಂತೂ ಹಾಗೇ ಅನ್ನಿಸಿತು. ಮೂರು ಸಲವೂ ಹತ್ತಿರ ಬಂದು ಕೈ ಹಿಡಿಯಬೇಕಾದ ಕಡೆ ದುಡ್ಡು ಬಂದು ನಿಲ್ಲುತ್ತದೆ.

ಇನ್ನು 31ನೇ ಅಧ್ಯಾಯ. ಜಿಮ್ ಮಾರಾಟವಾಗಿದ್ದಾನೆ. ಹಕ್ ತೆಪ್ಪದ ಮೇಲಿನ ಪುಟ್ಟ ಗುಡಿಸಲಿನಲ್ಲಿ ಒಬ್ಬನೇ ಕೂತಿದ್ದಾನೆ. ಪ್ರಾರ್ಥನೆ ಮಾಡಲು ಮಂಡಿಯೂರಿದರೆ ಮಾತು ಬರುವುದಿಲ್ಲ. ಮಿಸ್ ವಾಟ್ಸನ್‌ಗೆ ಚೀಟಿ ಬರೆಯುತ್ತಾನೆ: ನಿಮ್ಮ ಗುಲಾಮ ಇಲ್ಲಿದ್ದಾನೆ, ದುಡ್ಡು ಕಳಿಸಿದರೆ ಬಿಟ್ಟುಕೊಡುತ್ತಾರೆ. ಬರೆದದ್ದೇ ತಡ ಮನಸ್ಸು ಹಗುರಾಗುತ್ತದೆ. ಪಾಪವೆಲ್ಲ ತೊಳೆದುಹೋದ ಹಾಗೆ. ಈ ಹಗುರ ಸುಳ್ಳಲ್ಲ. ಊರು ಹೇಳಿದ ಹಾಗೆ ನಡೆದಾಗ ನಿಜಕ್ಕೂ ಹಗುರಾಗುತ್ತದೆ, ಅಲ್ವಾ?

ಆದರೆ ಅವನು ತಕ್ಷಣ ಪ್ರಾರ್ಥನೆ ಮಾಡುವುದಿಲ್ಲ. ಚೀಟಿ ಕೆಳಗಿಟ್ಟು ಯೋಚಿಸುತ್ತಾ ಕೂರುತ್ತಾನೆ. ಅವನಿಗೆ ಜಿಮ್ ಕಾಣಿಸುತ್ತಾನೆ. ತನ್ನ ಪಾಳಿ ಮುಗಿದರೂ ಹಕ್ ಮಲಗಿರಲಿ ಅಂತ ಎಬ್ಬಿಸದೆ ಕಾವಲು ನಿಂತ ಜಿಮ್. ಮಂಜಿನಿಂದ ಹಕ್ ವಾಪಸ್ ಬಂದಾಗ ಹಿಗ್ಗಿದ ಜಿಮ್. ಆಮೇಲೆ ಕಣ್ಣು ಮತ್ತೆ ಚೀಟಿಯ ಮೇಲೆ ಬೀಳುತ್ತದೆ. ಉಸಿರು ಬಿಗಿಹಿಡಿದು ನೋಡುತ್ತಾನೆ. "ಸರಿ, ಹಾಗಾದರೆ ನಾನು ನರಕಕ್ಕೇ ಹೋಗುತ್ತೇನೆ" ಅಂತ ಹರಿದು ಹಾಕುತ್ತಾನೆ.

ನಮ್ಮಲ್ಲಿ ಜಾಸ್ತಿ ಜನ ಇದನ್ನು ಧೈರ್ಯ ಅಂತ ಓದುತ್ತೇವೆ. ಮಗಳ ಪ್ರಶ್ನೆ ಕೇಳಿದ ಮೇಲೆ ನನಗೆ ಬೇರೆ ಏನೋ ಕಂಡಿತು. ಅವನು ಸಮಾಜದ ವಿರುದ್ಧ ಬಂಡಾಯ ಏಳುತ್ತಿಲ್ಲ. ಸಮಾಜ ಸರಿ, ತಾನೇ ತಪ್ಪು ಅಂತ ಪೂರ್ತಿ ನಂಬಿದ್ದಾನೆ. ನರಕ ಇದೆ ಅಂತಲೂ ನಂಬಿದ್ದಾನೆ. ಅಷ್ಟಾದರೂ ಜಿಮ್‌ನನ್ನು ಬಿಡಲಾರ. "ನಾನು ಸರಿ" ಅನ್ನುವ ಸಮಾಧಾನವೂ ಇಲ್ಲದೆ ಒಬ್ಬನ ಹೊಣೆ ಹೊತ್ತುಕೊಳ್ಳುವುದು ಎಷ್ಟು ಕಷ್ಟ! ಇಲ್ಲಿ ಒಳ್ಳೆಯ ಹೃದಯಕ್ಕೂ ಕೆಟ್ಟುಹೋದ ಮನಸ್ಸಾಕ್ಷಿಗೂ ಡಿಕ್ಕಿಯಾಗಿ ಮನಸ್ಸಾಕ್ಷಿ ಸೋಲುತ್ತದೆ ಅಂತ ಟ್ವೇನ್ 1895ರಲ್ಲಿ ತನ್ನ ಟಿಪ್ಪಣಿಯಲ್ಲಿ ಬರೆದುಕೊಂಡಿದ್ದ.

ಅಮೆರಿಕದಲ್ಲಿ ಪುಸ್ತಕ ಹೊರಬಂದದ್ದು 1885ರ ಫೆಬ್ರವರಿಯಲ್ಲಿ. ಮುಂದಿನ ತಿಂಗಳೇ ಮೆಸಾಚುಸೆಟ್ಸ್‌ನ ಕಾಂಕರ್ಡ್ ಊರಿನ ಗ್ರಂಥಾಲಯ ಅದನ್ನು ಹೊರಗಿಟ್ಟಿತು. ಇದು ಮರ್ಯಾದಸ್ಥರು ಓದುವಂಥದ್ದಲ್ಲ ಅನ್ನುವುದು ಕಾರಣ. ಮರ್ಯಾದಸ್ಥರ ಮಾತು ಮೀರಿದ ಹುಡುಗನ ಕಥೆಗೆ ಮರ್ಯಾದಸ್ಥರು ಬೇರೇನು ಮಾಡಿಯಾರು?

ಇಲ್ಲಿ ನನ್ನದೂ ಒಂದು ವಿಷಯ ಬರೆಯಬೇಕು. ಇಲ್ಲದಿದ್ದರೆ ಮೇಲೆ ಬರೆದದ್ದೆಲ್ಲ ಬರೀ ಮಾತಾಗುತ್ತದೆ. ವರ್ಷಗಳ ಹಿಂದೆ, ನಾನು ಕೆಲಸ ಮಾಡುತ್ತಿದ್ದ ಕಡೆ, ಒಂದು ಸಭೆಯಲ್ಲಿ ಜೊತೆಯವಳೊಬ್ಬಳ ಮೇಲೆ ಅವಳು ಮಾಡದ ತಪ್ಪು ಹೊರಿಸಿದರು. ತಪ್ಪು ಅವಳದ್ದಲ್ಲ ಅಂತ ನನಗೆ ಗೊತ್ತಿತ್ತು. ಅಲ್ಲಿದ್ದ ಇನ್ನೂ ಕೆಲವರಿಗೆ ಗೊತ್ತಿತ್ತು. ಎಲ್ಲರೂ ಮುಂದಿದ್ದ ಕಾಗದ ನೋಡುತ್ತಾ ಕೂತೆವು. ಅವಳು ಒಂದು ಸಲ ನನ್ನ ಕಡೆ ನೋಡಿದಳು. ದೊಡ್ಡವರ ಮುಂದೆ ಎದುರಾಡಬಾರದು, ಇದು ಸಭ್ಯತೆ ಅಂತ ನನಗೆ ನಾನೇ ಹೇಳಿಕೊಂಡೆ. ಆ ದಿನ ಮನೆಗೆ ಬಂದು ಚೆನ್ನಾಗಿ ನಿದ್ದೆ ಮಾಡಿದೆ. ಚೀಟಿ ಬರೆದ ಹಕ್‌ಗೆ ಆದ ಹಗುರ ನನಗೂ ಆಗಿತ್ತು. ನಾನು ಮಾತ್ರ ಕೂತು ಯೋಚಿಸಲಿಲ್ಲ.

ನಾಳೆ ಮಗಳು 32ನೇ ಅಧ್ಯಾಯ ಓದುತ್ತಾಳೆ. ಅವಳಿಗೆ ಅಲ್ಲಿ ದೊಡ್ಡ ಪೆಟ್ಟು ಕಾದಿದೆ. ಹಬೆ ಹಡಗಿನಲ್ಲಿ ಏನೋ ಸಿಡಿಯಿತು ಅಂತ ಹಕ್ ಒಂದು ಸುಳ್ಳು ಕಟ್ಟುತ್ತಾನೆ. ಜಿಮ್‌ನನ್ನು ಕೂಡಿಹಾಕಿರುವ ಮನೆಯಾಕೆ, ಟಾಮ್‌ನ ಸ್ಯಾಲಿ ಚಿಕ್ಕಮ್ಮ "ಯಾರಿಗಾದರೂ ಏಟಾಯ್ತಾ?" ಅಂತ ಕೇಳುತ್ತಾಳೆ. ಇಲ್ಲ, ಒಬ್ಬ ಕರಿಯ ಸತ್ತ ಅನ್ನುತ್ತಾನೆ ಹಕ್. ಅದಕ್ಕೆ ಆಕೆ, ಸದ್ಯ, ಒಂದೊಂದು ಸಲ ಜನಕ್ಕೆ ಏಟಾಗುತ್ತೆ ಅನ್ನುತ್ತಾಳೆ. ಆಕೆ ಕರುಣೆ ಇರುವ ಹೆಂಗಸು. ಇವನು ಜಿಮ್‌ಗಾಗಿ ನರಕಕ್ಕೆ ಹೊರಟ ಅದೇ ಹುಡುಗ. ಮಧ್ಯೆ ಒಂದೇ ಅಧ್ಯಾಯದ ಅಂತರ. ಒಬ್ಬ ಜಿಮ್‌ನನ್ನು ಪ್ರೀತಿಸಿದ ಮಾತ್ರಕ್ಕೆ ಊರು ಕಲಿಸಿದ್ದೆಲ್ಲ ತಲೆಯಿಂದ ಇಳಿದುಹೋಗುವುದಿಲ್ಲ. ಟಾಮ್ ಬಂದ ಮೇಲಂತೂ ಹಕ್ ಅವನ ಹಿಂದೆ ಹಿಂದೆ ನಡೆಯುತ್ತಾನೆ. ಆ ಅಧ್ಯಾಯಗಳು ನನಗೆ ಯಾವತ್ತೂ ಇಷ್ಟವಾಗಿಲ್ಲ. ಎರಡು ತಿಂಗಳ ಹಿಂದೆ ಸತ್ತ ಮಿಸ್ ವಾಟ್ಸನ್ ತನ್ನ ಉಯಿಲಿನಲ್ಲಿ ಜಿಮ್‌ನನ್ನು ಬಿಡುಗಡೆ ಮಾಡಿದ್ದಳು, ಟಾಮ್‌ಗೆ ಅದು ಗೊತ್ತಿತ್ತು. ಗೊತ್ತಿದ್ದೂ ಆಟ ಆಡಿಸುತ್ತಾನೆ.

ಆದರೆ 42ನೇ ಅಧ್ಯಾಯದಲ್ಲಿ ಒಂದು ಜಾಗ ಇದೆ. ಟಾಮ್ ಕಾಲಿಗೆ ಗುಂಡು ಬಿದ್ದಿದೆ. ತಪ್ಪಿಸಿಕೊಳ್ಳಬಹುದಾಗಿದ್ದ ಜಿಮ್ ಹುಡುಗನಿಗಾಗಿ ನಿಂತು ಸಿಕ್ಕಿಬೀಳುತ್ತಾನೆ. ನೇಣು ಹಾಕೋಣ ಅಂತ ಕೆಲವರು ಹೊರಡುತ್ತಾರೆ. ಯಜಮಾನ ಬಂದರೆ ದುಡ್ಡು ಕಟ್ಟಿಕೊಡಬೇಕಾದೀತು ಅಂತ ಉಳಿದವರು ತಡೆಯುತ್ತಾರೆ. ಜಿಮ್ ಎಷ್ಟು ಒಳ್ಳೆಯವನು ಅಂತ ಡಾಕ್ಟರ್ ಎಲ್ಲರಿಗೂ ಹೇಳುತ್ತಾನೆ. ಜನ ಕರಗುತ್ತಾರೆ. ಇನ್ನು ಮುಂದೆ ಅವನನ್ನು ಬಯ್ಯುವುದಿಲ್ಲ ಅಂತ ಮನಸಾರೆ ಮಾತು ಕೊಡುತ್ತಾರೆ. ಆಮೇಲೆ ಸರಪಳಿ ಹಾಗೇ ಬಿಟ್ಟು, ಬೀಗ ಹಾಕಿ ಹೊರಗೆ ಬರುತ್ತಾರೆ.

ಒಂದೆರಡು ಸರಪಳಿಯನ್ನಾದರೂ ತೆಗೆದಾರು ಅಂತ ಹಕ್ ಆಸೆಯಿಂದ ನೋಡುತ್ತಾನೆ. ಅವರಿಗೆ ಅದು ಹೊಳೆಯುವುದಿಲ್ಲ. ನಾನು ಮಧ್ಯೆ ಹೋಗುವುದು ಬೇಡ ಅಂದುಕೊಂಡು ಅವನೂ ಬಾಯಿ ಬಿಡುವುದಿಲ್ಲ. ಗುಡಿಸಲಿನಲ್ಲಿ ಒಬ್ಬನೇ ಇದ್ದಾಗ ನರಕಕ್ಕೂ ಹೆದರದವನು, ನಾಲ್ಕು ಜನರ ಮುಂದೆ ಸುಮ್ಮನಾಗುತ್ತಾನೆ.

ಮಗಳು ಆ ಪುಟಕ್ಕೆ ಬರಲು ಇನ್ನೂ ಮೂರ್ನಾಲ್ಕು ದಿನ ಬೇಕು. ಅವತ್ತು ನಾನು ಅವಳ ಪಕ್ಕ ಕೂತಿರಬೇಕು. ಅವಳು ಕೇಳುತ್ತಾಳೆ, "ಹಕ್ ಯಾಕಮ್ಮಾ ಮಾತಾಡಲಿಲ್ಲ?" ಅಂತ. ಆಗ ಆ ಸಭೆಯ ವಿಷಯ ಅವಳಿಗೆ ಹೇಳಿಬಿಡುತ್ತೇನೆ.